ಗೆಣಸಿಗೆ ನೂರಾರು ತಳಿ ಇವೆ, ಹಾಸನದ ಹೊಲಕ್ಕೆ ಯಾಕೆ ಬರುತ್ತಿಲ್ಲ?

ಹಾಸನ ಜಿಲ್ಲೆಯಲ್ಲಿ ಆಲೂಗಡ್ಡೆ ಅಂದರೆ ಬಹುಪಾಲು ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಈ ತಳಿಯನ್ನು 1968ರಲ್ಲಿ ಬಿಡುಗಡೆ ಮಾಡಿತು. ಆಗ ಅದಕ್ಕೆ ಎಲೆ, ಗೆಡ್ಡೆ ಕೊಳೆಸುವ ಅಂಗಮಾರಿ ರೋಗವನ್ನು ತಡೆದುಕೊಳ್ಳುವ ಶಕ್ತಿ ಇತ್ತು. ಬಿತ್ತನೆ ಗೆಡ್ಡೆ ಜಲಂಧರ್ ಕಡೆಯಿಂದ ಲಾರಿಯಲ್ಲಿ ಹಾಸನದ ಎಪಿಎಂಸಿಗೆ ಬರುತ್ತದೆ. ಮುಂಗಾರಿನ ಮೊದಲ ಮಳೆಗೆ ಊರಿಗೆ ಊರೇ ಒಟ್ಟಿಗೆ ನೆಡುತ್ತದೆ. ಹೀಗೆ ದಶಕಗಟ್ಟಲೆ ನಡೆಯಿತು. ತಳಿ ಬದಲಾಗಲಿಲ್ಲ, ರೋಗಾಣು ಬದಲಾಯಿತು. 2009-10ರ ಹೊತ್ತಿಗೆ ದಕ್ಷಿಣ ಭಾರತದಲ್ಲಿ ಅಂಗಮಾರಿ ರೋಗಾಣುವಿನ 13_ಎ2 ಎಂಬ ಹೊಸ ವಂಶ ಕಾಣಿಸಿಕೊಂಡಿತು. ಯುರೋಪಿನಿಂದ ಬಂದದ್ದು, ಮೊದಲಿದ್ದವುಗಳಿಗಿಂತ ಉಗ್ರ. ಎಷ್ಟು ಔಷಧಿ ಹೊಡೆದರೂ ಕೈಗೆ ಸಿಗದ ವರ್ಷಗಳು ಬಂದವು. ಸಾಲ ಮಾಡಿ ಬಿತ್ತಿದವರು ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದರು. ಒಂದು ಕಾಲಕ್ಕೆ ಹತ್ತಾರು ಸಾವಿರ ಹೆಕ್ಟೇರ್ ಇದ್ದ ಆಲೂಗಡ್ಡೆ ಕುಗ್ಗುತ್ತಾ ಬಂತು.

ಒಂದೇ ತಳಿ ನೆಚ್ಚಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಎಲ್ಲರೂ ಇದೇ ಅಂಗಮಾರಿಗೆ ಆಲೂಗಡ್ಡೆ ಹಾಳಾಗಿ ಬಂದ ಐರ್ಲೆಂಡಿನ ಬರಗಾಲದ ಕಥೆ ಹೇಳುತ್ತಾರೆ. ನಮಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ.

ಇದನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣ ಇದೆ. ಈಗ ಆಲೂಗಡ್ಡೆ ಬಿಟ್ಟ ನೆಲಕ್ಕೆ ಏನು ಹಾಕಬೇಕು ಅನ್ನುವ ಮಾತು ಬಂದಾಗ ಗೆಣಸಿನ ಹೆಸರೂ ಬರುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಕೆಂಪು ಮಣ್ಣು, ಅತ್ತ ಕಡೂರು, ತರೀಕೆರೆಯ ಬಯಲು, ಇವೆಲ್ಲ ಗೆಣಸಿಗೆ ಒಗ್ಗುವ ನೆಲ. ಬಳ್ಳಿ ನೆಟ್ಟರೆ ಮೂರೂವರೆ, ನಾಲ್ಕು ತಿಂಗಳಲ್ಲಿ ಬೆಳೆ. ಗೊಬ್ಬರ ಕಮ್ಮಿ, ಔಷಧಿ ಇನ್ನೂ ಕಮ್ಮಿ. ನಮ್ಮ ರಾಜ್ಯದಲ್ಲಿ ಗೆಣಸು ಅಂದರೆ ಬೆಳಗಾವಿ ಅನ್ನುವ ಹೆಸರಿದೆ. ನಮ್ಮ ಕಡೆ ಅದು ಸಂಕ್ರಾಂತಿಯ ಬೆಳೆಯಾಗಿಯೇ ಉಳಿದಿದೆ. ಅವರೆಕಾಯಿ, ಕಡಲೆಕಾಯಿ ಜೊತೆ ಬೇಯಿಸಿ ತಿಂದರೆ ಆಯಿತು, ಆಮೇಲೆ ಶಿವರಾತ್ರಿ ಉಪವಾಸಕ್ಕೆ ನೆನಪಾಗುತ್ತದೆ.

ಆದರೆ ಗೆಣಸನ್ನೂ ಆಲೂಗಡ್ಡೆ ಬೆಳೆದ ಹಾಗೆಯೇ ಬೆಳೆದರೆ, ಅಂದರೆ ಎಲ್ಲಿಂದಲೋ ಬಂದ ಒಂದೇ ತಳಿಯ ಬಳ್ಳಿಯನ್ನು ಎಲ್ಲರೂ ಹಂಚಿಕೊಂಡು ನೆಟ್ಟರೆ, ಹಳೆಯ ಪಾಠ ಮತ್ತೆ ಓದಬೇಕಾಗುತ್ತದೆ. ವಿಚಿತ್ರ ಏನೆಂದರೆ, ಗೆಣಸಿನಷ್ಟು ತಳಿ ವೈವಿಧ್ಯ ಇರುವ ಬೆಳೆಗಳು ಕಡಿಮೆ. ಪೆರುವಿನ ಲಿಮಾದಲ್ಲಿ 1971ರಲ್ಲಿ ಶುರುವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ತಳಿ ಭಂಡಾರದಲ್ಲಿ ಸಾವಿರಾರು ಬಗೆಯ ಗೆಣಸನ್ನು ಕಾಪಾಡಿಟ್ಟಿದ್ದಾರೆ. ನಮ್ಮಲ್ಲಿ ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಿಂದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ಅಲ್ಲೂ ದೊಡ್ಡ ಸಂಗ್ರಹ ಇದೆ. ವೈವಿಧ್ಯಕ್ಕೆ ಕೊರತೆ ಇಲ್ಲ. ಅದು ಹೊಲಕ್ಕೆ ಬರುವ ದಾರಿಯಲ್ಲಿ ಕೊರತೆ ಇದೆ.

ಮೊದಲು ಈ ವೈವಿಧ್ಯ ಎಲ್ಲಿಂದ ಬರುತ್ತದೆ ನೋಡೋಣ. ಇದು ಸ್ವಲ್ಪ ಜೀವಶಾಸ್ತ್ರ, ಆದರೆ ಗೆಣಸಿನ ಮಟ್ಟಿಗೆ ಬೇಸರ ತರಿಸುವಂಥದ್ದಲ್ಲ.

ಭತ್ತದ ಪ್ರತಿ ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತ ಕ್ರೋಮೋಸೋಮುಗಳ ಎರಡು ಸೆಟ್ ಇರುತ್ತವೆ, ಮನುಷ್ಯನಲ್ಲೂ ಹಾಗೆಯೇ. ಆಲೂಗಡ್ಡೆಯಲ್ಲಿ ನಾಲ್ಕು ಸೆಟ್, ಒಟ್ಟು 48. ಗೆಣಸಿನಲ್ಲಿ ಆರು ಸೆಟ್, ಒಟ್ಟು 90. ಅಂದರೆ ಒಂದೊಂದು ಜೀನ್‌ಗೂ ಆರು ಪ್ರತಿ. ಆರೂ ಒಂದೇ ಥರ ಇರಬೇಕು ಅಂತೇನಿಲ್ಲ. ಒಂದು ಬಳ್ಳಿಯ ಒಳಗೇ ಎಷ್ಟೋ ಗುಣ ಅಡಗಿ ಕೂತಿರುತ್ತದೆ, ಹೊರಗೆ ಕಾಣುವುದೇ ಇಲ್ಲ.

ಇದರ ಮೇಲೆ ಇನ್ನೊಂದು ಸ್ವಭಾವ. ಗೆಣಸಿನ ಹೂವು ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಬೇಲಿ ಮೇಲೆ ಹಬ್ಬುವ ನೀಲಿ ಹೂವಿನ ಬಳ್ಳಿಗಳ ಕುಟುಂಬದ್ದೇ ಇದು. ಹೂವೂ ಹಾಗೆಯೇ, ತುತ್ತೂರಿ ಆಕಾರ. ಬೀಜ ಕಟ್ಟಬೇಕಾದರೆ ಬೇರೆ ಬಳ್ಳಿಯ ಪರಾಗ ಬೇಕು, ಜೇನು ತಂದುಕೊಡಬೇಕು. ಆದ್ದರಿಂದ ಗೆಣಸಿನ ಒಂದೊಂದು ಬೀಜವೂ ಹೊಸ ತಳಿ. ಒಂದೇ ಕಾಯಿಯ ಎರಡು ಬೀಜ ಹಾಕಿದರೂ ಒಂದು ಕೆಂಪು ಸಿಪ್ಪೆಯದು, ಇನ್ನೊಂದು ಬಿಳಿಯದು ಬರಬಹುದು. ಬಹುಪಾಲು ಕೆಲಸಕ್ಕೆ ಬಾರದ್ದೇ ಆಗಿರುತ್ತದೆ. ಲಾಟರಿ ಅಂದುಕೊಳ್ಳಿ.

ಆದರೆ ಈ ಲಾಟರಿಗೆ ಒಂದು ಅನುಕೂಲ ಇದೆ. ಭತ್ತದಲ್ಲಿ ಎರಡು ತಳಿ ಬೆರೆಸಿದರೆ, ಗುಣ ಸ್ಥಿರವಾಗಲು ಹಲವು ತಲೆಮಾರು ಬೆಳೆದು ಆರಿಸಬೇಕು. ಗೆಣಸಿನಲ್ಲಿ ಆ ಕಾಯುವಿಕೆ ಇಲ್ಲ. ಒಳ್ಳೆಯ ಸಸಿ ಒಂದು ಸಿಕ್ಕಿತೋ, ಅದರ ಬಳ್ಳಿ ತುಂಡು ಮಾಡಿ ನೆಟ್ಟರೆ ಸಾಕು. ಗುಣ ಅವತ್ತೇ ಸ್ಥಿರ. ನೂರು ವರ್ಷ ನೆಟ್ಟರೂ ಅದೇ ಬಳ್ಳಿ. ತಳಿ ತಜ್ಞರ ಕಷ್ಟ ಇರುವುದು ಹುಡುಕಾಟದಲ್ಲಿ. ಸಾವಿರಾರು ಸಸಿ ಬೆಳೆಸಬೇಕು, ವರ್ಷಗಟ್ಟಲೆ ಹಲವು ಊರುಗಳಲ್ಲಿ ನೆಟ್ಟು ಅಗೆದು ನೋಡಬೇಕು. ಕೊನೆಗೆ ಕೈಯಲ್ಲಿ ಉಳಿಯುವುದು ಒಂದೋ ಎರಡೋ. ಅದರ ನಡುವೆ ಕೆಲವು ತಳಿ ಹೂವೇ ಬಿಡುವುದಿಲ್ಲ, ಅವನ್ನು ಅದೇ ಕುಟುಂಬದ ಹೂಬಳ್ಳಿಯ ಬೇರಿನ ಮೇಲೆ ಕಸಿ ಕಟ್ಟಿ ಹೂ ಬಿಡಿಸುತ್ತಾರೆ. ಕೆಲವು ಜೋಡಿಗಳು ಒಂದನ್ನೊಂದು ಒಪ್ಪುವುದಿಲ್ಲ. ಬೀಜದ ಸಿಪ್ಪೆ ಎಷ್ಟು ಗಟ್ಟಿ ಅಂದರೆ ಮೊಳಕೆ ಬರಿಸಲು ಗಂಧಕಾಮ್ಲದಲ್ಲಿ ಅದ್ದಿ ತೆಗೆಯಬೇಕು, ಇಲ್ಲವೇ ಗೀರಬೇಕು.

ವೈವಿಧ್ಯ ತಳಿ ತಜ್ಞರಿಂದಲೇ ಬರಬೇಕು ಅಂತಲೂ ಇಲ್ಲ. ಗೆಣಸಿನ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ನಮಗೆ ತಂದವರು ಪೋರ್ಚುಗೀಸರು. ಆದರೆ ತವರಿನಿಂದ ಅಷ್ಟು ದೂರದ ನ್ಯೂಗಿನಿ ದ್ವೀಪದಲ್ಲಿ ಗೆಣಸಿನ ಬಗೆಗಳು ಲೆಕ್ಕವಿಲ್ಲದಷ್ಟಿವೆ. ಹೇಗೆ? ಅಲ್ಲಿನ ರೈತರು ತೋಟದಲ್ಲಿ ತಾನಾಗಿ ಹುಟ್ಟಿದ ಗೆಣಸಿನ ಸಸಿಯನ್ನು ಕಿತ್ತು ಬಿಸಾಡುವುದಿಲ್ಲ. ಬೆಳೆಯಲು ಬಿಟ್ಟು, ಗೆಡ್ಡೆ ರುಚಿ ನೋಡಿ, ಚೆನ್ನಾಗಿದ್ದರೆ ಹೆಸರಿಟ್ಟು ಇಟ್ಟುಕೊಳ್ಳುತ್ತಾರೆ. ನೂರಾರು ವರ್ಷದ ಈ ಅಭ್ಯಾಸವೇ ಅಲ್ಲಿ ಎರಡನೇ ತವರು ಕಟ್ಟಿತು. ನಮ್ಮ ಕಡೆ ಚಳಿಗಾಲದ ಬೆಳೆಯಲ್ಲಿ ಗೆಣಸು ಹೂ ಬಿಡುವುದನ್ನು ನೋಡಿಯೇ ಇರುತ್ತೇವೆ. ಆ ಕಾಯಿಯನ್ನು ಯಾರು ನೋಡುತ್ತಾರೆ ಹೇಳಿ?

ಈ ವೈವಿಧ್ಯವನ್ನು ಅಳೆಯುವುದು ಮೊದಲು ಕಣ್ಣಿನ ಕೆಲಸವಾಗಿತ್ತು. ಎಲೆ ಹೃದಯದ ಆಕಾರದ್ದೋ, ಬೆರಳಿನಂತೆ ಸೀಳಿದ್ದೋ, ಬಳ್ಳಿ ನೇರಳೆಯೋ ಹಸಿರೋ, ಸಿಪ್ಪೆ ಯಾವ ಬಣ್ಣ, ತಿರುಳು ಯಾವ ಬಣ್ಣ. ಇದರಲ್ಲಿ ಮೋಸ ಜಾಸ್ತಿ. ಒಂದೇ ತಳಿಗೆ ನಾಲ್ಕು ಊರಲ್ಲಿ ನಾಲ್ಕು ಹೆಸರು, ಒಂದೇ ಹೆಸರಿನಲ್ಲಿ ನಾಲ್ಕು ತಳಿ. ಈಗ ಡಿಎನ್‌ಎ ಗುರುತುಗಳಿಂದ, ಅಂದರೆ ಮಾರ್ಕರ್‌ಗಳಿಂದ ಹೋಲಿಸುತ್ತಾರೆ. ಇದರಿಂದ ಎರಡು ಉಪಯೋಗ. ಭಂಡಾರದಲ್ಲಿ ನಕಲುಗಳು ಯಾವುವು ಗೊತ್ತಾಗುತ್ತದೆ. ಯಾವ ತಳಿ ಯಾವುದಕ್ಕೆ ದೂರದ ಸಂಬಂಧ ಅನ್ನುವುದೂ ಗೊತ್ತಾಗುತ್ತದೆ. ಎರಡನೆಯದೇ ಮುಖ್ಯ. ಹತ್ತಿರದ ಸಂಬಂಧಿಗಳನ್ನು ಬೆರೆಸಿದರೆ ಸಸಿ ಸೊರಗುತ್ತದೆ, ದೂರದವನ್ನು ಬೆರೆಸಿದರೆ ಹುರುಪು ಬರುವ ಸಂಭವ ಜಾಸ್ತಿ. ಉಗಾಂಡದಲ್ಲಿ ತಳಿ ತಜ್ಞರು ಮಾರ್ಕರ್ ನೋಡಿ ತಾಯಿ ತಳಿಗಳನ್ನು ಎರಡು ಗುಂಪು ಮಾಡಿದ್ದಾರೆ. ಒಂದು ಗುಂಪಿನದನ್ನು ಇನ್ನೊಂದು ಗುಂಪಿನದರ ಜೊತೆ ಬೆರೆಸಿ ಇಳುವರಿ ಏರಿಸುವ ಲೆಕ್ಕಾಚಾರ ಅದು. ಹೈಬ್ರಿಡ್ ಮುಸುಕಿನ ಜೋಳದಲ್ಲಿ ಹಳೆಯ ಉಪಾಯವೇ, ಗೆಣಸಿಗೆ ಬರಲು ಇಷ್ಟು ಕಾಲ ಬೇಕಾಯಿತು.

ಗೆಣಸಿನ ಪೂರ್ತಿ ಜೀನ್ ನಕ್ಷೆಯೂ ಬಹಳ ಕಾಲ ಕೈಗೆ ಸಿಗಲಿಲ್ಲ. ಆರು ಪ್ರತಿಗಳಲ್ಲಿ ಯಾವ ತುಂಡು ಯಾವ ಪ್ರತಿಯದು ಅಂತ ಬಿಡಿಸುವುದೇ ತಲೆನೋವು. 2025ರಲ್ಲಿ ‘ಟಾಂಜಾನಿಯಾ’ ಎಂಬ ಆಫ್ರಿಕಾದ ತಳಿಯಲ್ಲಿ ವಿಜ್ಞಾನಿಗಳು 90 ಕ್ರೋಮೋಸೋಮುಗಳನ್ನೂ ಬೇರೆ ಬೇರೆಯಾಗಿ ಬಿಡಿಸಿ ತೋರಿಸಿದರು. ಗೆಣಸಿನ ವಂಶವೃಕ್ಷ ನೇರವಾದದ್ದಲ್ಲ, ಹಲವು ಕಾಡು ಪೂರ್ವಜರ ತುಂಡುಗಳು ಕಲಸಿಕೊಂಡಿವೆ ಅಂತ ಅದರಿಂದ ತಿಳಿಯಿತು. ಆ ಪೂರ್ವಜರಲ್ಲಿ ಒಂದು ಈಕ್ವೆಡಾರ್ ಕರಾವಳಿಯ ಕಾಡುಬಳ್ಳಿಗೆ ಸಂಬಂಧಿಸಿದ್ದು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗೆಣಸಿನಲ್ಲಿ ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಜೀನ್‌ಗಳು ಸೇರಿಕೊಂಡಿವೆ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 291 ಗೆಣಸಿನ ಮಾದರಿಗಳನ್ನು ಪರೀಕ್ಷಿಸಿದರು, ಎಲ್ಲದರಲ್ಲೂ ಅದು ಇತ್ತು. ಕುಲಾಂತರಿ ಬೆಳೆ, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ ಬೆಳೆ ಮಾಡಲು ಪ್ರಯೋಗಾಲಯದಲ್ಲಿ ಬಳಸುವುದೂ ಇದೇ ಬ್ಯಾಕ್ಟೀರಿಯಾವನ್ನು. ಕುಲಾಂತರಿ ಪರವೋ ವಿರೋಧವೋ, ಸಂಕ್ರಾಂತಿಗೆ ಬೇಯಿಸಿದ ಗೆಣಸು ಮಾತ್ರ ಪ್ರಕೃತಿಯೇ ಮಾಡಿದ ಕುಲಾಂತರಿ!

ಸರಿ, ಇಷ್ಟೆಲ್ಲ ವೈವಿಧ್ಯದಿಂದ ಏನು ತೆಗೆದರು? ಎಲ್ಲರೂ ಹೇಳುವ ಉದಾಹರಣೆ ಕಿತ್ತಳೆ ತಿರುಳಿನ ಗೆಣಸು. ಆಫ್ರಿಕಾದ ಬಡ ದೇಶಗಳಲ್ಲಿ ಮಕ್ಕಳಿಗೆ ಎ ವಿಟಮಿನ್ ಕೊರತೆ ಜಾಸ್ತಿ. ಅಲ್ಲಿ ತಿನ್ನುತ್ತಿದ್ದದ್ದು ಬಿಳಿ ಗೆಣಸು, ಅದರಲ್ಲಿ ಮೈಯೊಳಗೆ ಎ ವಿಟಮಿನ್ ಆಗುವ ಬೀಟಾ ಕ್ಯಾರೋಟಿನ್ ಇಲ್ಲವೇ ಇಲ್ಲ ಅನ್ನಬಹುದು. ಕಿತ್ತಳೆ ಗೆಣಸಿನಲ್ಲಿ ತುಂಬ ಇದೆ. 125 ಗ್ರಾಂ ತಿಂದರೆ ಪುಟ್ಟ ಮಗುವಿನ ದಿನದ ಅಗತ್ಯ ಮುಗಿಯುತ್ತದೆ. ಹಾಗಾದರೆ ಬಳ್ಳಿ ಹಂಚಿದರೆ ಆಯಿತಲ್ಲ? ಆಗಲಿಲ್ಲ. ಅಮೆರಿಕದ ಕಿತ್ತಳೆ ತಳಿಗಳು ಬೇಯಿಸಿದರೆ ನೀರು ನೀರು. ಅಲ್ಲಿಯ ಜನಕ್ಕೆ ಬೇಕಾದದ್ದು ಹಿಟ್ಟು ಹಿಟ್ಟಾದ ಗೆಣಸು. ಅದಕ್ಕೆ ಮೊಜಾಂಬಿಕ್‌ನಲ್ಲಿ ಮರಿಯಾ ಆಂದ್ರಾದೆ, ಉಗಾಂಡದಲ್ಲಿ ರಾಬರ್ಟ್ ಮ್ವಾಂಗಾ ಎಂಬ ತಳಿ ತಜ್ಞರು ಸ್ಥಳೀಯ ತಳಿಗಳ ಜೊತೆ ಬೆರೆಸಿ, ಅಲ್ಲಿನ ಬರ, ಅಲ್ಲಿನ ವೈರಸ್, ಅಲ್ಲಿನ ನಾಲಿಗೆಗೆ ಹೊಂದುವ ಕಿತ್ತಳೆ ತಳಿಗಳನ್ನು ತೆಗೆದರು. ಕಿತ್ತಳೆ ಗೆಣಸನ್ನು ಜನರಿಗೆ ಮುಟ್ಟಿಸಲು ದುಡಿದ ಜಾನ್ ಲೋ, ಬೆಳೆಗಳಲ್ಲೇ ಪೌಷ್ಟಿಕಾಂಶ ಹೆಚ್ಚಿಸುವ ಕೆಲಸ ಮುನ್ನಡೆಸಿದ ಹೊವಾರ್ತ್ ಬೂಯಿಸ್ ಜೊತೆಗೆ ಇವರಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಬಂತು.

ಬಣ್ಣ ಮತ್ತು ಹಿಟ್ಟು ಒಟ್ಟಿಗೆ ಸಿಗುವುದು ಯಾಕೆ ಕಷ್ಟ ಅನ್ನುವುದಕ್ಕೂ ಈಗ ಉತ್ತರ ಸಿಕ್ಕಿದೆ. ಬಣ್ಣ ತಯಾರಿಸುವ ಒಂದು ಜೀನ್, ಪಿಷ್ಟಕ್ಕೆ, ಅಂದರೆ ಹಿಟ್ಟಿನಂಶಕ್ಕೆ ಸಂಬಂಧಿಸಿದ ಇನ್ನೊಂದು ಜೀನ್, ಎರಡೂ ಒಂದೇ ಕ್ರೋಮೋಸೋಮಿನಲ್ಲಿ ಹತ್ತಿರ ಹತ್ತಿರ ಇವೆ. ಕಿತ್ತಳೆ ಬಣ್ಣ ಆರಿಸಿದರೆ ಕಡಿಮೆ ಪಿಷ್ಟವೂ ಜೊತೆಗೇ ಬರುತ್ತದೆ. ಈ ಜೋಡಿ ಬೇರ್ಪಟ್ಟ ಸಸಿ ಸಿಗಬೇಕಾದರೆ ತುಂಬ ಸಸಿ ನೋಡಬೇಕು, ವೈವಿಧ್ಯದ ತಾಯಿ ತಳಿಗಳೂ ಬೇಕು.

ನಮ್ಮ ಶ್ರೀಕಾರ್ಯಂ ಸಂಸ್ಥೆಯ ತಳಿಗಳಲ್ಲಿ ‘ಭೂ ಸೋನಾ’ ಕಿತ್ತಳೆಯದು. 100 ಗ್ರಾಂನಲ್ಲಿ 14 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಇದೆ, ರೂಢಿಯ ತಳಿಗಳಲ್ಲಿ 2-3 ಮಿಲಿಗ್ರಾಂ. ‘ಭೂ ಕೃಷ್ಣ’ ನೇರಳೆ ತಿರುಳಿನದು, 100 ಗ್ರಾಂನಲ್ಲಿ 90 ಮಿಲಿಗ್ರಾಂ ಆಂಥೋಸಯನಿನ್ ಎಂಬ ನೇರಳೆ ಬಣ್ಣದ ಅಂಶ. ಪತ್ರಿಕೆಗಳಲ್ಲಿ ಇವೆರಡರ ಫೋಟೋ ಚೆನ್ನಾಗಿ ಬರುತ್ತದೆ. ನನ್ನ ಪ್ರಕಾರ ಹಾಸನಕ್ಕೆ ಇವುಗಳಿಗಿಂತ ಮೊದಲು ಬೇಕಾದದ್ದು ಬೇರೆ. ನಮ್ಮ ಸಂತೆಗಳಲ್ಲಿ ಓಡುವುದು ಕೆಂಪು ಸಿಪ್ಪೆ, ಬಿಳಿ ತಿರುಳು. ಕೆಂಡದಲ್ಲಿ ಸುಟ್ಟರೂ, ಹೋಳಿಗೆ ಮಾಡಿದರೂ ಅದೇ ಬೇಕು. ಕಿತ್ತಳೆ ಗೆಣಸು ಅಂಗನವಾಡಿ ಊಟಕ್ಕೆ ಹೋದರೆ ಅರ್ಥ ಇದೆ, ಅದಕ್ಕೆ ಖರೀದಿಯ ಏರ್ಪಾಡೂ ಬೇಕು. ಸುಮ್ನೆ ರೈತರ ಕೈಗೆ ಬಳ್ಳಿ ಕೊಟ್ಟು ಪೌಷ್ಟಿಕಾಂಶದ ಭಾಷಣ ಮಾಡಿದರೆ ಮಾರುವವರು ಯಾರು?

ಬಯಲು ತಾಲ್ಲೂಕುಗಳಿಗೆ ಬೇಕಾದ ಗುಣಗಳನ್ನು ನೋಡಿ. ಮೊದಲನೆಯದು ಅವಧಿ. ಸಂಕ್ರಾಂತಿಗೆ ಅಗೆಯಬೇಕಾದರೆ ಸೆಪ್ಟೆಂಬರಿನಲ್ಲಿ ನೆಡಬೇಕು. ಎಲ್ಲರೂ ಅದೇ ಲೆಕ್ಕ ಹಾಕುತ್ತಾರೆ, ಎಲ್ಲರ ಗೆಣಸೂ ಒಟ್ಟಿಗೆ ಬರುತ್ತದೆ, ರೇಟು ಬೀಳುತ್ತದೆ. ‘ಶ್ರೀ ಭದ್ರ’ದಂಥ ತಳಿ 90 ದಿನಕ್ಕೇ ಬರುತ್ತದೆ. ನಾಲ್ಕು ತಿಂಗಳಿನದರ ಜೊತೆ ಇದನ್ನೂ ನೆಟ್ಟರೆ ಒಂದೇ ಹೊಲದಿಂದ ಎರಡು ಸಲ ಸಂತೆಗೆ ಹೋಗಬಹುದು. ಶ್ರೀ ಭದ್ರಕ್ಕೆ ಇನ್ನೊಂದು ಗುಣ ಇದೆ. ಬೇರುಗಂಟು ಮಾಡುವ ಜಂತುಹುಳುವಿಗೆ ಅದು ಬಲೆ ಬೆಳೆ. ಹುಳು ಬೇರಿನೊಳಗೆ ಹೋಗುತ್ತದೆ, ಆದರೆ ಸಂತಾನ ಮುಂದುವರಿಸಲಾಗುವುದಿಲ್ಲ. ಶುಂಠಿ ಮೇಲೆ ಶುಂಠಿ ಹಾಕಿ ಜಂತುಹುಳು ಸಾಕಿಕೊಂಡ ಹೊಲಗಳು ನಮ್ಮಲ್ಲಿ ಕಮ್ಮಿ ಇಲ್ಲ. ಅಂಥ ಕಡೆ ನಡುವೆ ಒಂದು ಬೆಳೆ ಇದನ್ನು ಹಾಕಿ ನೋಡಬೇಕು ಅನ್ನುವುದು ನನಗೆ ಕಿತ್ತಳೆ ಬಣ್ಣಕ್ಕಿಂತ ದೊಡ್ಡ ಸುದ್ದಿಯಾಗಿ ಕಾಣುತ್ತದೆ.

ಎರಡನೆಯದು ಮೂತಿಹುಳು. ಗೆಣಸಿನ ದೊಡ್ಡ ಶತ್ರು ಇದೇ. ಗೆಡ್ಡೆಯೊಳಗೆ ಕೊರೆದರೆ ಸಾಕು, ಇಡೀ ಗೆಡ್ಡೆ ಕಹಿ. ದನವೂ ಮೂಸುವುದಿಲ್ಲ. ಇಷ್ಟು ಸಾವಿರ ತಳಿಗಳಲ್ಲೂ ಮೂತಿಹುಳುವನ್ನು ಪೂರ್ತಿ ತಡೆಯುವ ತಳಿ ಸಿಕ್ಕಿಲ್ಲ ಅನ್ನುವುದನ್ನು ಮುಚ್ಚಿಡಬಾರದು. ಸಿಕ್ಕಿರುವುದು ಅರ್ಧಂಬರ್ಧ ಗುಣಗಳು. ಉಗಾಂಡದ ‘ನ್ಯೂ ಕವೋಗೊ’ ತಳಿಯ ಗೆಡ್ಡೆ ಸಿಪ್ಪೆಯಲ್ಲಿ ಹುಳುವಿಗೆ ಆಗದ ರಾಸಾಯನಿಕ ಇದೆ. ಕೆಲವು ತಳಿಗಳ ಗೆಡ್ಡೆ ಆಳದಲ್ಲಿ ಕೂರುತ್ತದೆ, ಹುಳುವಿಗೆ ನಿಲುಕುವುದಿಲ್ಲ. ಉಳಿದದ್ದು ಬೇಸಾಯದ ಕೆಲಸ: ಬಿರುಕು ಬಿಡದಂತೆ ಮಣ್ಣು ಏರಿಸುವುದು, ಹೆಣ್ಣುಹುಳುವಿನ ವಾಸನೆಯಿಂದ ಗಂಡುಹುಳು ಸೆಳೆಯುವ ಮೋಹಕ ಬಲೆ ಕಟ್ಟುವುದು, ತಡ ಮಾಡದೆ ಅಗೆಯುವುದು. ವೈವಿಧ್ಯ ಎಲ್ಲಕ್ಕೂ ಮದ್ದಲ್ಲ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ಕಾಡುಹಂದಿ ತಡೆಯುವ ಜೀನ್ ಯಾವ ಭಂಡಾರದಲ್ಲೂ ಇಲ್ಲ, ಆನೆ ವಿಚಾರವಂತೂ ಬಿಡಿ.

ಮೂರನೆಯದು ವೈರಸ್. ಬಳ್ಳಿಯಿಂದ ಬಳ್ಳಿಗೆ ನೆಡುವ ಬೆಳೆಯಲ್ಲಿ ವೈರಸ್ಸೂ ಜೊತೆಗೇ ಸಾಗುತ್ತದೆ. ವರ್ಷದಿಂದ ವರ್ಷಕ್ಕೆ ಇಳುವರಿ ಇಳಿಯುತ್ತದೆ. ರೈತರು ‘ತಳಿ ಹಳೆಯದಾಯಿತು’ ಅನ್ನುತ್ತಾರೆ. ಬಹಳ ಸಲ ತಳಿಗೆ ಏನೂ ಆಗಿರುವುದಿಲ್ಲ. ಅದೇ ತಳಿಯ ತುದಿಯ ಮೊಗ್ಗನ್ನು ಅಂಗಾಂಶ ಕೃಷಿಯಲ್ಲಿ, ಅಂದರೆ ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಬೆಳೆಸಿ ವೈರಸ್ ಬಿಡಿಸಿದರೆ ಮತ್ತೆ ಮೊದಲಿನಂತೆ ಗೆಡ್ಡೆ ಕಟ್ಟುತ್ತದೆ. ಆದರೆ ಅಷ್ಟರೊಳಗೆ ಅದನ್ನು ಬಿಟ್ಟು ಬೇರೆ ತಂದಿರುತ್ತೇವೆ. ಒಂದು ನಾಟಿ ತಳಿ ಹೀಗೆ ಕಣ್ಮರೆ.

ನಾಟಿ ತಳಿ ಕಳೆದುಹೋಗುವ ಇನ್ನೊಂದು ದಾರಿ ಬೇಸಿಗೆ. ಬೀಜವಾದರೆ ಡಬ್ಬಿಯಲ್ಲಿ ಇಡಬಹುದು. ಗೆಣಸಿನ ಬಳ್ಳಿ ಜೀವಂತ ಇರಬೇಕು. ಜನವರಿಯಲ್ಲಿ ಅಗೆದ ಮೇಲೆ ಮುಂಗಾರಿನ ತನಕ ಐದು ತಿಂಗಳು ಅದನ್ನು ಎಲ್ಲಿ ಇಟ್ಟುಕೊಳ್ಳುವುದು? ಮೊದಲು ಬಚ್ಚಲ ನೀರು ಹರಿಯುವ ಜಾಗದಲ್ಲಿ ನಾಲ್ಕು ಬಳ್ಳಿ ಇರುತ್ತಿತ್ತು. ಈಗ ಬಚ್ಚಲ ನೀರು ಚರಂಡಿಗೆ ಹೋಗುತ್ತದೆ. ಎರಡು ಬರಗಾಲ ಒಟ್ಟಿಗೆ ಬಂದರೆ ಊರಿನ ತಳಿಯೇ ಇಲ್ಲ. ಭಂಡಾರಗಳೂ ಇದೇ ಕಾರಣಕ್ಕೆ ದುಬಾರಿ. ಹೊಲದಲ್ಲಿ ಇಟ್ಟರೆ ಮತ್ತೆ ಮತ್ತೆ ನೆಡಬೇಕು, ಇಲ್ಲವೇ ಗಾಜಿನ ನಳಿಕೆಯಲ್ಲಿ ಸಾಕಬೇಕು.

ಕಾನೂನಿನ ಕಡೆಯಿಂದ ಒಂದು ಬಾಗಿಲು ತೆರೆದಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಡಿ ರೈತರು, ರೈತ ಗುಂಪುಗಳು ತಮ್ಮ ತಳಿಯನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸಬಹುದು. ಜೋಯಿಡಾದಲ್ಲಿ ಕುಣಬಿ ಸಮುದಾಯದವರು ಗೆಡ್ಡೆ ಗೆಣಸು ಮೇಳ ಮಾಡುತ್ತಾರೆ, ಮೈಸೂರಿನಲ್ಲೂ ಅಂಥ ಮೇಳ ನಡೆದಿದೆ. ಹಾಸನದಲ್ಲೂ ಒಂದು ಸಲ ಮಾಡಿದರೆ, ಯಾರ ಮನೆಯಲ್ಲಿ ಯಾವ ಬಳ್ಳಿ ಉಳಿದಿದೆ ಅನ್ನುವುದಾದರೂ ಗೊತ್ತಾಗುತ್ತದೆ.

ಉಳಿದದ್ದು ಲೆಕ್ಕದ ಪ್ರಶ್ನೆ. 60 ಸೆಂಟಿಮೀಟರ್ ಏರು, 20 ಸೆಂಟಿಮೀಟರಿಗೊಂದು ತುಂಡು ಅಂದರೆ ಎಕರೆಗೆ ಸುಮಾರು 33 ಸಾವಿರ ಬಳ್ಳಿ ತುಂಡು ಬೇಕು. ತಿರುವನಂತಪುರದಿಂದ ಹಾಸನಕ್ಕೆ ಅಷ್ಟು ಬಳ್ಳಿ ಬಾಡದೆ ಬರುವುದಿಲ್ಲ. ಇಲ್ಲೇ ಬೆಳೆಸಬೇಕು. ಇದಕ್ಕೆ ಹೊಸ ಏರ್ಪಾಡು ಹುಡುಕಬೇಕಿಲ್ಲ. ಆಲೂಗಡ್ಡೆಗೆ ರೋಗವಿಲ್ಲದ ಬಿತ್ತನೆ ಬೇಕು ಅಂತ ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯ ಹಾಸನದ ಸೋಮನಹಳ್ಳಿ ಕಾವಲಿನ ತನ್ನ ಕೇಂದ್ರದ ಮೂಲಕ ಬೇರು ಬಂದ ಕುಡಿಗಳ ಪದ್ಧತಿಯನ್ನು ಇಲ್ಲಿಗೆ ತಂದಿತು. ಅಂಗಾಂಶ ಕೃಷಿಯ ಗಿಡದಿಂದ ಕುಡಿ ಚಿವುಟಿ, ನೆರಳು ಮನೆಯಲ್ಲಿ ತೆಂಗಿನ ನಾರಿನ ಪುಡಿಯಲ್ಲಿ ಬೇರು ಬರಿಸಿ ಮಾರುವ ರೈತರ ನರ್ಸರಿಗಳು ಜಿಲ್ಲೆಯಲ್ಲಿವೆ. ಗೆಣಸಿನ ಕುಡಿ ಆಲೂಗಡ್ಡೆಯದಕ್ಕಿಂತ ಸುಲಭವಾಗಿ ಬೇರು ಬಿಡುತ್ತದೆ. ಅದೇ ನೆರಳು ಮನೆಯ ಒಂದು ಮೂಲೆಯಲ್ಲಿ ಮಾರ್ಚ್‌ನಿಂದ ಮೇ ತನಕ ಒಂದು ನಾಟಿ ತಳಿ, ಶ್ರೀ ಭದ್ರ, ಭೂ ಸೋನಾ, ಹೀಗೆ ನಾಲ್ಕೈದು ಬಗೆ ಇಟ್ಟುಕೊಂಡರೆ ಜೂನ್‌ಗೆ ನಾಲ್ಕೈದು ಊರಿಗೆ ಪ್ರಯೋಗದ ತಾಕಿಗೆ ಬೇಕಾದಷ್ಟು ಬಳ್ಳಿ ಆಗುತ್ತದೆ. ಅಗೆದ ದಿನ ಗೆಡ್ಡೆಯನ್ನು ತೂಕ ಹಾಕಿ ಸುಮ್ಮನಾಗದೆ, ಅಲ್ಲೇ ಬೇಯಿಸಿ, ನೆಟ್ಟವರಿಗೂ ಸಂತೆಯಲ್ಲಿ ಮಾರುವವರಿಗೂ ಕೊಟ್ಟು, ಮುಂದಿನ ವರ್ಷಕ್ಕೆ ಯಾವ ಬಳ್ಳಿ ಉಳಿಸಬೇಕು ಅಂತ ಅವರನ್ನೇ ಕೇಳಬೇಕು.